ಮೂರು ದಿನದ ನಡಿಗೆ, ಒಂದು ರಾತ್ರಿಯ ಹೊಳೆ: 1565ರಲ್ಲಿ ಸುಲ್ತಾನರ ದಂಡು ಕೃಷ್ಣೆ ದಾಟಿದ ಬಗೆ

ಕೃಷ್ಣಾದಂಡೆ

ಎಲ್ಲರಿಗೂ ನಮಸ್ಕಾರ. ತಾಳಿಕೋಟೆ ಯುದ್ಧದ ಬಗ್ಗೆ ಇಲ್ಲಿ ಎಷ್ಟೋ ಸಲ ಮಾತಾಡಿದ್ದೇವೆ. ವಿಜಯನಗರವನ್ನು ಆಳುತ್ತಿದ್ದ ರಾಮರಾಯನ ತಲೆ ಕಡಿದದ್ದು, ಹಂಪಿ ಸುಟ್ಟದ್ದು, ಮೋಸ ಮಾಡಿದ ಸರದಾರರು, ಎಲ್ಲಾ ಬಂದು ಹೋಗಿದೆ. ಆದರೆ ಯುದ್ಧಕ್ಕೆ ಕೆಲವೇ ದಿನ ಮುಂಚೆ ಕೃಷ್ಣಾ ಹೊಳೆಯ ದಂಡೆಯಲ್ಲಿ ನಡೆದದ್ದನ್ನು ಯಾರೂ ಎತ್ತುವುದಿಲ್ಲ. ನಾನು ಆ ದಂಡೆಯ ಊರಿನವನು. ಅದಕ್ಕೇ ಇದು ನನಗೆ ಕಾಡುತ್ತದೆ.

ನಡೆದದ್ದು ಇಷ್ಟು. 1564ರ ಡಿಸೆಂಬರ್ ಕೊನೆಗೆ ಬಿಜಾಪುರದ ಬಯಲಿನಿಂದ ನಾಲ್ಕು ಸುಲ್ತಾನರ ದಂಡು ದಕ್ಷಿಣಕ್ಕೆ ಹೊರಟಿತು. ಬಿಜಾಪುರದ ಅಲಿ ಆದಿಲ್ ಶಾಹ, ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾಹ, ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹ, ಬೀದರಿನ ಅಲಿ ಬರೀದ. ತಾಳಿಕೋಟೆ ಹತ್ತಿರ ಬಿಡಾರ ಹೂಡಿದರು. ಮುಂದೆ ಕೃಷ್ಣೆ. ಆಚೆ ದಂಡೆಯಲ್ಲಿ ವಿಜಯನಗರದ ದಂಡು.

ಹೊಳೆ ಹಾಯುವುದಕ್ಕೆ ಸುತ್ತಮುತ್ತ ಒಂದೇ ಒಳ್ಳೆಯ ಜಾಗ ಇತ್ತು. ರಾಮರಾಯನ ಕಡೆಯವರಿಗೆ ಅದು ಚೆನ್ನಾಗಿ ಗೊತ್ತಿತ್ತು. ದಕ್ಷಿಣ ದಂಡೆಯಲ್ಲಿ ಮಣ್ಣಿನ ಒಡ್ಡು ಹಾಕಿ, ತೋಪು ಇಟ್ಟು ಕಾದಿದ್ದರು. ಸುಲ್ತಾನರು ಬೇಹಿನವರನ್ನು ಕಳಿಸಿ ಮೇಲೆ ಕೆಳಗೆ ಹುಡುಕಿಸಿದರು. ಬೇರೆ ಜಾಗ ಸಿಗಲಿಲ್ಲ. ಆಗ ಅವರು ಮಾಡಿದ ಉಪಾಯ ಇದು. ಇನ್ನೆಲ್ಲೋ ದಾರಿ ಸಿಕ್ಕಿದೆ ಅನ್ನುವ ಹಾಗೆ ದಂಡೆಗುಂಟ ಮೂರು ದಿನ ನಡೆದರು. ಇವರು ನಡೆದ ಹಾಗೆ ಆಚೆ ದಂಡೆಯಲ್ಲಿ ವಿಜಯನಗರದ ಪಡೆಯೂ ನಡೆಯಿತು. ಕಾವಲು ಬಿಟ್ಟಿತು. ಮೂರನೆಯ ದಿನ ಕತ್ತಲಾಗುತ್ತಿದ್ದಂತೆ ಸುಲ್ತಾನರ ದಂಡು ಡೇರೆ ಕಿತ್ತು, ಬಂದ ದಾರಿಯಲ್ಲೇ ದೌಡಾಯಿಸಿತು. ಖಾಲಿ ಬಿದ್ದಿದ್ದ ಅದೇ ಹಾಯ್ಗಡದಲ್ಲಿ ಅವರ ಮುಂಪಡೆ ಹೊಳೆಗೆ ಇಳಿಯಿತು. ಎದುರು ನಿಲ್ಲುವವರು ಒಬ್ಬರೂ ಇರಲಿಲ್ಲ.

ಬೆಳಗಾದ ಮೇಲೆ ಉಳಿದವರೂ ದಾಟಿದರು. ರಾಮರಾಯನ ಬಿಡಾರ ಅಲ್ಲಿಂದ ಐದು ಹರದಾರಿ ಅಷ್ಟೇ.

ನನ್ನ ಮಾತು ಇದು: ಯುದ್ಧ ಅರ್ಧ ಸೋತದ್ದು ಆ ರಾತ್ರಿ. ಯುದ್ಧ ನಡೆದ ಜನವರಿ 23ರಂದು ಅಲ್ಲ. ಏನಂತೀರಿ?

ಬೆಂಗಳೂರು ಓದುಗ

ಒಳ್ಳೆ ವಿಷಯ ತೆಗೆದಿರಿ ಅಣ್ಣಾ. ಆದರೆ ಒಪ್ಪುವುದು ಕಷ್ಟ. ನಾವೆಲ್ಲ ಶಾಲೆಯಲ್ಲಿ ಓದಿದ್ದು, ರಾಮರಾಯನ ಸೈನ್ಯದಲ್ಲಿದ್ದ ಇಬ್ಬರು ಸರದಾರರು, ಆ ಗಿಲಾನಿ ಸಹೋದರರು, ಯುದ್ಧದ ನಡುವೆ ತಿರುಗಿಬಿದ್ದರು ಅಂತ. ಸೋಲಿಗೆ ಕಾರಣ ಅದೇ ಅಲ್ವಾ? ಹೊಳೆ ದಾಟಿದ್ದು ಬರೀ ದಾರಿಯ ಮಾತು. ಯುದ್ಧಕ್ಕೆ ಬರುವವರು ಹೇಗೋ ಬಂದೇ ಬರುತ್ತಾರೆ.

ಹಳೆ ಮೇಷ್ಟ್ರು

ಇಬ್ಬರ ಮಾತಿಗೂ ಮುಂಚೆ ಒಂದು ವಿಷಯ ಹೇಳಿಬಿಡುತ್ತೇನೆ. ಯಾವ ಸಂಗತಿ ಎಲ್ಲಿಂದ ಬಂದದ್ದು ಅಂತ ತಿಳಿದರೆ ಚರ್ಚೆ ಸಲೀಸು.

ಹೊಳೆ ದಾಟಿದ ಕಥೆ ಇತಿಹಾಸಕಾರ ಫೆರಿಷ್ತಾನದು. ಆತ ಬರೆದದ್ದು ಯುದ್ಧ ಮುಗಿದು ಸುಮಾರು 40 ವರ್ಷದ ಮೇಲೆ, ಬಿಜಾಪುರದಲ್ಲಿ, ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ. ಅಂದರೆ ಗೆದ್ದವರ ಕಡೆಯವನು. ದಂಡಿನ ಲೆಕ್ಕ ಹೇಳುವಾಗ ಆತ ಕೈ ಬಿಚ್ಚುತ್ತಾನೆ. ಹೊಳೆ ಕಾಯುವುದಕ್ಕೆ ರಾಮರಾಯ ಮೊದಲು ತಮ್ಮ ತಿರುಮಲನನ್ನು ಕಳಿಸಿದ, ಜೊತೆಗೆ 20,000 ಕುದುರೆ, 500 ಆನೆ, 1 ಲಕ್ಷ ಕಾಲಾಳು ಅನ್ನುತ್ತಾನೆ. ಆಮೇಲೆ ಇನ್ನೊಬ್ಬ ತಮ್ಮ ವೆಂಕಟಾದ್ರಿಯನ್ನೂ ಕಳಿಸಿದನಂತೆ. ಅಂಕಿಗಳನ್ನು ಹಾಗೇ ನಂಬಬೇಕಿಲ್ಲ. ಆದರೆ ಹೊಳೆ ದಾಟಿದ ಬಗೆಯನ್ನು ಕಟ್ಟಿ ಹೇಳುವುದರಿಂದ ಆತನಿಗೆ ಲಾಭವೇನೂ ಇರಲಿಲ್ಲ. ಗೆದ್ದವರ ಪರ ಬರೆಯುವವನು, ಎದುರಾಳಿ ತೋಪಿಗೆ ಎದೆಕೊಟ್ಟು ದಾಟಿದರು ಅಂತ ಬರೆಯಬಹುದಿತ್ತು. ಬರೆಯಲಿಲ್ಲ. ನೇರವಾಗಿ ದಾಟಲಾಗಲಿಲ್ಲ, ಅದಕ್ಕೇ ಉಪಾಯ ಹೂಡಿದರು ಅಂತಲೇ ಬರೆದ. ಅದಕ್ಕೇ ನಾನು ಈ ಭಾಗವನ್ನು ನಂಬುತ್ತೇನೆ.

ಇನ್ನು ಸರದಾರರ ದ್ರೋಹ. ಅದು ಮುಖ್ಯವಾಗಿ ಸಿಸೇರೊ ಫೆಡರೀಚಿ ಅನ್ನುವ ವೆನಿಸಿನ ವ್ಯಾಪಾರಿ ಹೇಳಿದ್ದು. ಆತ ಹಾಳಾದ ವಿಜಯನಗರಕ್ಕೆ ಬಂದು ಏಳು ತಿಂಗಳು ಇದ್ದದ್ದು 1567ರಲ್ಲಿ. ಜನರ ಬಾಯಲ್ಲಿ ಕೇಳಿದ್ದನ್ನು ಬರೆದ. ಫೆರಿಷ್ತಾ ಆ ಮಾತು ಎತ್ತುವುದಿಲ್ಲ. ಹಾಗಂತ ದ್ರೋಹ ನಡೆದೇ ಇಲ್ಲ ಅನ್ನಲಾರೆ. ಸೋತ ಊರಿನವರ ನೋವಿನಲ್ಲೂ ಸತ್ಯ ಇರುತ್ತದೆ. ಆದರೆ ಒಂದೇ ಕಾರಣ ಹಿಡಿದು ಕೂರಬೇಡಿ.

ಮಾಜಿ ಸೈನಿಕ

ನಾನು ಸೈನ್ಯದ ಎಂಜಿನಿಯರಿಂಗ್ ವಿಭಾಗದಲ್ಲಿದ್ದವನು. ಹೊಳೆಗೆ ಸೇತುವೆ ಹಾಕುವುದು, ದಂಡು ದಾಟಿಸುವುದು ನಮ್ಮ ಕೆಲಸ. ಓದುಗ ಅವರೇ, “ಹೇಗೋ ಬಂದೇ ಬರುತ್ತಾರೆ” ಅಂದಿರಲ್ಲ, ಅಲ್ಲೇ ನಾನು ನಿಲ್ಲುತ್ತೇನೆ.

ಹೊಳೆ ದಾಟುವಾಗ ದಂಡು ಎರಡು ತುಂಡಾಗಿರುತ್ತದೆ. ಅರ್ಧ ಆಚೆ, ಅರ್ಧ ಈಚೆ. ಆಚೆ ಹೋದವರಿಗೆ ಬೆನ್ನಿಗೆ ನೀರು. ಈಚೆ ಇದ್ದವರು ನೋಡುತ್ತಾ ನಿಲ್ಲಬೇಕು. ಸೈನ್ಯದ ಬಾಳಿನಲ್ಲಿ ಅಷ್ಟು ಬಡವಾದ ಗಳಿಗೆ ಬೇರೆ ಇಲ್ಲ. ಕಾಯುವವನು ಹೊಡೆಯಬೇಕಾದದ್ದು ಆ ಗಳಿಗೆಯಲ್ಲೇ. ವಿಜಯನಗರಕ್ಕೆ ಆ ಗಳಿಗೆ ಸಿಗಲೇ ಇಲ್ಲ. ದಂಡೆಯಲ್ಲಿ ತೋಪು ಇಟ್ಟು ವಾರಗಟ್ಟಲೆ ಕಾದದ್ದು ಯಾವ ಗಳಿಗೆಗೋ, ಆ ಗಳಿಗೆಗೆ ಅವರು ಅಲ್ಲಿರಲಿಲ್ಲ.

ಇದನ್ನು ಓದುವಾಗ ನನಗೆ ಝೇಲಂ ಹೊಳೆ ನೆನಪಾಗುತ್ತದೆ. ಕ್ರಿಸ್ತಪೂರ್ವ 326. ಆಚೆ ದಂಡೆಯಲ್ಲಿ ಪೋರಸ್, ಈಚೆ ಅಲೆಕ್ಸಾಂಡರ್. ಅಲೆಕ್ಸಾಂಡರ್ ರಾತ್ರಿ ರಾತ್ರಿ ಕುದುರೆ ಓಡಿಸಿ, ಗದ್ದಲ ಎಬ್ಬಿಸಿ, ದಂಡೆಗುಂಟ ಅಲೆದಾಡಿದ. ಪೋರಸ್ ಮೊದಮೊದಲು ಆನೆ ಕಟ್ಟಿಕೊಂಡು ಜೊತೆಜೊತೆಗೆ ನಡೆದ. ಏನೂ ಆಗದೆ ಇದ್ದದ್ದು ನೋಡಿ ಬೇಸತ್ತು ಕಡೆಗೆ ನಿಂತುಬಿಟ್ಟ. ಆಗ ಅಲೆಕ್ಸಾಂಡರ್ ಒಂದು ಮಳೆಗಾಳಿಯ ರಾತ್ರಿ, ಬಿಡಾರದಿಂದ ಸುಮಾರು 27 ಕಿಲೋಮೀಟರ್ ಮೇಲೆ ಹೋಗಿ ದಾಟಿದ. ಹಳೆಯ ಬಿಡಾರದಲ್ಲಿ ಕ್ರಾಟೆರಸ್ ಅನ್ನುವ ಸೇನಾಪತಿಯನ್ನು ಬಿಟ್ಟು ಹೋಗಿದ್ದ, ಪೋರಸ್‌ನ ಕಣ್ಣು ಅಲ್ಲೇ ನೆಟ್ಟಿರಲಿ ಅಂತ.

ಕೃಷ್ಣೆಯಲ್ಲಿ ನಡೆದದ್ದು ಇದರ ತಿರುವು ಮುರುವು. ಪೋರಸ್ ಹಿಂಬಾಲಿಸುವುದನ್ನು ಬಿಟ್ಟು ಸೋತ. ರಾಮರಾಯನ ಕಡೆಯವರು ಹಿಂಬಾಲಿಸಿ ಸೋತರು. ಹೊಳೆ ಕಾಯುವವನ ಪಾಡು ಇದು. ನಡೆದರೂ ತಪ್ಪು, ನಿಂತರೂ ತಪ್ಪು. ಇದಕ್ಕೆ ಮದ್ದು ಒಂದೇ: ಮುಖ್ಯ ಜಾಗದಲ್ಲಿ ಸ್ವಲ್ಪ ಪಡೆ ಬಿಡಬೇಕು, ಉಳಿದದ್ದನ್ನು ಹಿಂದೆ ನಡುವಿನಲ್ಲಿ ಇಟ್ಟುಕೊಂಡು ಎಲ್ಲಿ ಬೇಕೋ ಅಲ್ಲಿಗೆ ಓಡಿಸಬೇಕು. ಒಡ್ಡಿನ ಹಿಂದೆ ಒಂದೆರಡು ಸಾವಿರ ಜನರನ್ನಾದರೂ ಯಾಕೆ ಬಿಡಲಿಲ್ಲ ಅನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮನಸ್ಸಿಗೆ ನೋವಾಗುತ್ತದೆ, ನಿಜ ಹೇಳುತ್ತೇನೆ.

ನನಗೆ ಇನ್ನೂ ಒಂದು ಪ್ರಶ್ನೆ ಇದೆ. ಜನವರಿಯಲ್ಲಿ ಕೃಷ್ಣೆಯಲ್ಲಿ ನೀರು ಕಮ್ಮಿ. ಮೂರು ದಿನ ನಡೆದ ಮೇಲೆ ಅಲ್ಲೆಲ್ಲಾದರೂ ಇಳಿಯಬಹುದಿತ್ತು. ಅದೇ ಜಾಗಕ್ಕೆ ವಾಪಸು ಯಾಕೆ ಬಂದರು? ವಾಪಸು ಬರುವಾಗ ಸಿಕ್ಕಿಬಿದ್ದಿದ್ದರೆ ಕೆಲಸ ಕೆಡುತ್ತಿತ್ತು. ಕೃಷ್ಣಾದಂಡೆ ಅವರೇ, ನೀವು ಆ ಕಡೆಯವರು, ಹೇಳಿ.

ಮುದಗಲ್ಲಿನ ಮಗಳು

ನಮ್ಮ ಕಡೆಯ ಮಾತು ಬಂತು ಅಂತ ನಾನೂ ಬಂದೆ. ಕೃಷ್ಣಾ–ತುಂಗಭದ್ರೆ ನಡುವಿನ ದೋಆಬ್ ನಮ್ಮದು. ರಾಯಚೂರು, ಮುದಗಲ್ಲು ಕೋಟೆಗಳಿಗಾಗಿ ಇನ್ನೂರು ವರ್ಷ ಹೊಡೆದಾಡಿದ ನೆಲ. ಇಲ್ಲಿ ಯಾರೇ ಉತ್ತರದಿಂದ ಬಂದರೂ ಕೃಷ್ಣೆ ದಾಟಲೇಬೇಕಿತ್ತು. ಅದಕ್ಕೇ 1565ರದು ಮೊದಲನೆಯದಲ್ಲ.

ಫೆರಿಷ್ತಾನೇ ಇನ್ನೊಂದು ಕಥೆ ಹೇಳುತ್ತಾನೆ. 1398ರ ಹೊತ್ತಿನದು. ಬಹಮನಿ ಸುಲ್ತಾನ ಫಿರೋಜ್ ಶಾಹ ಉತ್ತರ ದಂಡೆಯಲ್ಲಿ, ಎರಡನೆಯ ಹರಿಹರನ ದಂಡು ದಕ್ಷಿಣ ದಂಡೆಯಲ್ಲಿ. ಹೊಳೆ ತುಂಬಿ ಹರಿಯುತ್ತಿತ್ತು. ದಾಟುವ ಹಾಗಿಲ್ಲ. ಆಗ ಕಾಜಿ ಸಿರಾಜ್ ಅನ್ನುವವನು ಕೆಲವು ಗೆಳೆಯರನ್ನು ಕಟ್ಟಿಕೊಂಡು ಫಕೀರರ ವೇಷದಲ್ಲಿ ಆಚೆ ಹೋದನಂತೆ. ಹಾಡು ಕುಣಿತದವರ ಜೊತೆ ಸೇರಿ ರಾಜಕುಮಾರನ ಡೇರೆಗೆ ನುಗ್ಗಿ, ಕುಣಿಯುತ್ತಾ ಕುಣಿಯುತ್ತಾ ಕಠಾರಿ ತೆಗೆದು ಕೊಂದನಂತೆ. ಕತ್ತಲಲ್ಲಿ ದಂಡು ಗಾಬರಿಯಾಗಿ ಕಲಕಿಹೋದಾಗ, ಸುಲ್ತಾನನ ಪಡೆ ಚರ್ಮ ಹೊದಿಸಿದ ಬುಟ್ಟಿಗಳಲ್ಲಿ ಹೊಳೆ ದಾಟಿತು. ನಮ್ಮ ಹರಿಗೋಲು ಅಂದುಕೊಳ್ಳಿ. ಕಥೆ ಸ್ವಲ್ಪ ಜಾಸ್ತಿ ಬಣ್ಣದ್ದು, ಪೂರ್ತಿ ನಂಬಿ ಅನ್ನುವುದಿಲ್ಲ. ಆದರೆ ಚರ್ಮದ ಬುಟ್ಟಿ ಮಾತ್ರ ನಿಜವಾದ ನಮ್ಮ ಹೊಳೆಯದು.

ಇನ್ನೊಂದು 1520ರದು. ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ್ದ. ಇಸ್ಮಾಯಿಲ್ ಆದಿಲ್ ಶಾಹ ಕೋಟೆ ಬಿಡಿಸಲು ಕೃಷ್ಣೆ ದಾಟಿ ಬಂದ. ರಾಯ ಅವನನ್ನು ಹೊಳೆಯ ಕಡೆಗೇ ಅಟ್ಟಿದ. ಓಡುವಾಗ ನೀರಿಗೆ ಬಿದ್ದು ಸತ್ತವರೇ ಬಹಳ ಅಂತ ಪೋರ್ಚುಗೀಸರ ನುನಿಜ್ ಬರೆದಿದ್ದಾನೆ. ಮಾಜಿ ಸೈನಿಕ ಸರ್ ಹೇಳಿದ “ಬೆನ್ನಿಗೆ ನೀರು” ಅಂದರೆ ಏನು ಅಂತ ಅಲ್ಲಿ ಕಾಣುತ್ತದೆ.

ಈಗ ನನ್ನ ಅನಿಸಿಕೆ. 1565ರಲ್ಲಿ ಅಲಿ ಆದಿಲ್ ಶಾಹನಿಗೆ ತನ್ನ ತಾತ ಇಸ್ಮಾಯಿಲನ ಗತಿ ಗೊತ್ತಿತ್ತು. ಎದುರಾಳಿ ಕಾದು ನಿಂತಿರುವಾಗ ಹೊಳೆ ದಾಟಿದರೆ ಏನಾಗುತ್ತದೆ ಅಂತ ಆ ಮನೆತನ ಪೆಟ್ಟು ತಿಂದು ಕಲಿತಿತ್ತು. ವಿಜಯನಗರದವರೂ ಅದನ್ನೇ ನಂಬಿ ದಂಡೆಗೆ ತೋಪು ಹೂಡಿದ್ದರು. 45 ವರ್ಷ ಹಿಂದೆ ತಮ್ಮನ್ನು ಗೆಲ್ಲಿಸಿದ ಹೊಳೆ ಈ ಸಲವೂ ಗೆಲ್ಲಿಸುತ್ತದೆ ಅಂದುಕೊಂಡಿದ್ದರೇನೋ.

ಬೆಂಗಳೂರು ಓದುಗ

ಅಕ್ಕಾ, 1520ರ ವಿಷಯ ಈ ಬೆಳಕಿನಲ್ಲಿ ನೋಡಿರಲಿಲ್ಲ. ಥ್ಯಾಂಕ್ಸ್.

ಆದರೂ ಒಂದು ಮಾತು ಬಿಡಲಾರೆ. ಹೊಳೆ ದಾಟಿದ ಮೇಲೂ ರಾಮರಾಯ ಸೋತಿರಲಿಲ್ಲ. ಯುದ್ಧದ ದಿನ ಮೊದಲ ಹೊತ್ತು ವಿಜಯನಗರದ್ದೇ ಮೇಲುಗೈ. ಎರಡೂ ಬದಿಯಲ್ಲಿ ಸುಲ್ತಾನರ ಪಡೆ ಹಿಂದೆ ಸರಿದಿತ್ತು. ಆಟ ಕೆಟ್ಟದ್ದು ನಡುವಿನಲ್ಲಿ, ನಿಜಾಮ್ ಶಾಹನ ತೋಪುಗಳ ಮುಂದೆ. ಚಲಪಿ ರೂಮಿ ಖಾನ್ ಅನ್ನುವವನ ಕೈಯಲ್ಲಿ 600 ತೋಪು. ಮೂರು ಸಾಲು: ಮುಂದೆ ದೊಡ್ಡವು, ನಡುವೆ ಮಧ್ಯಮ, ಹಿಂದೆ ಸಣ್ಣವು. ಹತ್ತಿರ ಬಂದಾಗ ತಾಮ್ರದ ಕಾಸು ತುಂಬಿದ ಚೀಲ ಹಾಕಿ ಹಾರಿಸಿದರು. ಗುಂಡಿನ ಬದಲು ದುಡ್ಡು! ನುಗ್ಗಿ ಬಂದವರು ಅಲ್ಲೇ ಒರಗಿದರು. 80ರ ಆಸುಪಾಸಿನ ಮುದುಕ ರಾಮರಾಯ ಕುದುರೆ ಬೇಡ ಅಂತ ಪಲ್ಲಕ್ಕಿಯಲ್ಲಿದ್ದ. ಆನೆಯೊಂದು ಮೇಲೆ ಬಿದ್ದಾಗ ಬೋಯಿಗಳು ಪಲ್ಲಕ್ಕಿ ಇಳಿಸಿ ಓಡಿದರು. ಸೆರೆ ಸಿಕ್ಕ. ತಲೆ ಹೋಯಿತು. ದಂಡು ಚದುರಿತು.

ಅಂದರೆ ಗೆಲ್ಲಿಸಿದ್ದು ತೋಪು. ಹೊಳೆ ಬಾಗಿಲು ತೆರೆಯಿತು, ಅಷ್ಟೇ.

ಮಾಜಿ ಸೈನಿಕ

ಆ 600 ತೋಪು ಹೊಳೆಯ ಈಚೆಗೆ ಬಂದದ್ದು ಹೇಗೆ ಅಂತ ಒಂದು ಸಲ ಯೋಚನೆ ಮಾಡಿ.

ಬಿಜಾಪುರಕ್ಕೆ ಗೋಳಗುಮ್ಮಟ ನೋಡಲು ಹೋದವರು ಮಲಿಕ್-ಎ-ಮೈದಾನ್ ತೋಪನ್ನೂ ನೋಡಿರುತ್ತೀರಿ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್. ಅದೇ ತೋಪು ಇಲ್ಲಿ ಬಂತು ಅಂತ ನಾನು ಹೇಳುತ್ತಿಲ್ಲ. ನಿಜಾಮ್ ಶಾಹನ ಎರಕದವರು ಎಂಥವರು ಅಂತ ತಿಳಿಯಲಿ ಅಂತ ಹೇಳಿದೆ. ಸಣ್ಣ ತೋಪುಗಳೇ ಆದರೂ ಗಾಡಿ, ಎತ್ತು, ಮದ್ದು, ಗುಂಡು ಎಲ್ಲಾ ಹೊಳೆ ದಾಟಬೇಕು. ಮದ್ದು ನೆನೆಯಬಾರದು. ಆಚೆ ದಂಡೆಯಿಂದ ಗುಂಡು ಬೀಳುತ್ತಿದ್ದರೆ ಇದು ಆಗುವ ಕೆಲಸವೇ ಅಲ್ಲ. ತೋಪು ಗೆಲ್ಲಿಸಿತು ಅನ್ನುವುದು ಸರಿ. ಆ ತೋಪನ್ನು ದಾಟಿಸಿದ್ದು ಆ ರಾತ್ರಿಯೇ.

ಕೃಷ್ಣಾದಂಡೆ

ಸರ್, ನಾನು ಹೇಳಬೇಕೆಂದಿದ್ದನ್ನು ನನಗಿಂತ ಚೆನ್ನಾಗಿ ಹೇಳಿದಿರಿ.

ಆ ರಾತ್ರಿಯ ಬಗ್ಗೆ ಒಂದು ಲೆಕ್ಕ ಹಾಕಿದ್ದೇನೆ. ಯುದ್ಧ 1565ರ ಜನವರಿ 23ರಂದು ಅಂತ ಒಪ್ಪಿದರೆ, ಅಂದು ಕೃಷ್ಣಪಕ್ಷದ ನಡುಭಾಗ. ಅಷ್ಟಮಿಯ ಆಚೀಚೆ. ಹುಣ್ಣಿಮೆ ಅದಕ್ಕೂ ಒಂದು ವಾರ ಮುಂಚೆ. ಹೊಳೆ ದಾಟಿದ್ದು ಯುದ್ಧಕ್ಕೆ ಕೆಲವು ದಿನ ಮೊದಲು. ಹಾಗಾದರೆ ಆ ರಾತ್ರಿ ಒಳ್ಳೆಯ ಬೆಳದಿಂಗಳು ಇದ್ದಿರಬೇಕು. ಇದು ನನ್ನ ಊಹೆ. ಆದರೆ ಅಷ್ಟು ದೊಡ್ಡ ದಂಡು ಮೂರು ದಿನ ನಡೆದ ದಾರಿಯನ್ನು ಒಂದೇ ರಾತ್ರಿಯಲ್ಲಿ ವಾಪಸು ನಡೆಯಬೇಕಾದರೆ ಬೆಳಕು ಬೇಕು. ದೀವಟಿಗೆ ಹಚ್ಚಿದರೆ ಆಚೆಯವರಿಗೆ ಕಾಣುತ್ತದೆ.

ನಮ್ಮ ಕಡೆ ಆ ಹೊತ್ತಿಗೆ ಎರೆ ಹೊಲದಲ್ಲಿ ಹಿಂಗಾರಿ ಜೋಳ ತೆನೆ ಹಿಡಿದಿರುತ್ತದೆ. ಆಳೆತ್ತರ. ಎರೆ ನೆಲ ಒಣಗಿ ಗಟ್ಟಿಯಾಗಿರುತ್ತದೆ, ಗಾಡಿ ಹೂಳುವುದಿಲ್ಲ. ಮಳೆಗಾಲದಲ್ಲಿ ಈ ಉಪಾಯ ನಡೆಯುತ್ತಲೇ ಇರಲಿಲ್ಲ. ಆ ಜೋಳ ಬೆಳೆದವರ ಗತಿ ಏನಾಯಿತು ಅಂತ ಯಾರೂ ಬರೆದಿಡಲಿಲ್ಲ. ಐದು ದಂಡಿನ ಕುದುರೆ, ಎತ್ತು, ಆನೆ ವಾರಗಟ್ಟಲೆ ಮೇಯ್ದ ಹೊಲಗಳು ಅವು. ನನ್ನ ಹಿರೀಕರು ಆ ಹೊಲದವರೇ ಇರಬಹುದು.

ಮುದಗಲ್ಲಿನ ಮಗಳು

ಕೊನೆಯ ಸಾಲು ಓದಿ ಸುಮ್ನೆ ಕೂತೆ ಅಣ್ಣಾ.

ಹಳೆ ಮೇಷ್ಟ್ರು

ಯುದ್ಧದ ಹೆಸರಿನ ಬಗ್ಗೆ ಒಂದು ಮಾತು. ಇದು ಈ ಚರ್ಚೆಗೆ ಬಹಳ ಹತ್ತಿರದ್ದು.

ನಾವು ತಾಳಿಕೋಟೆ ಯುದ್ಧ ಅನ್ನುತ್ತೇವೆ. ತಾಳಿಕೋಟೆ ಡೋಣಿ ಹೊಳೆಯ ದಂಡೆಯ ಊರು, ಕೃಷ್ಣೆಯಿಂದ ಎಷ್ಟೋ ಉತ್ತರಕ್ಕೆ. ಅದು ಸುಲ್ತಾನರು ಬಿಡಾರ ಹೂಡಿದ ಜಾಗ. ರಕ್ಕಸತಂಗಡಿ ಅಂತಲೂ ಅನ್ನುತ್ತೇವೆ. ರಕ್ಕಸಗಿ, ತಂಗಡಗಿ ಎರಡೂ ಮುದ್ದೇಬಿಹಾಳ ತಾಲೂಕಿನವು, ಅವೂ ಉತ್ತರದ ಕಡೆಗೇ. ಫೆರಿಷ್ತಾನ ಮಾತಿನಂತೆ ಯುದ್ಧ ನಡೆದದ್ದು ಹೊಳೆ ದಾಟಿದ ಮೇಲೆ, ಅಂದರೆ ದಕ್ಷಿಣದಲ್ಲಿ. ಇದನ್ನೇ ನೆಚ್ಚಿ ಇತಿಹಾಸಕಾರ ರಾಬರ್ಟ್ ಸೆವೆಲ್ 1900ರಲ್ಲಿ ಇಂಗಳಗಿಯ ಹತ್ತಿರದ ತಿರುವಿನಲ್ಲಿ ದಾಟಿರಬೇಕು ಅಂತ ಬರೆದ. ಬನ್ನಿಹಟ್ಟಿ ಯುದ್ಧ ಅನ್ನುವವರೂ ಇದ್ದಾರೆ. ಯುದ್ಧದ ಜಾಗದ ಬಗ್ಗೆ ಇತಿಹಾಸಕಾರರಲ್ಲಿ ಇನ್ನೂ ಒಮ್ಮತ ಇಲ್ಲ.

ನನಗೆ ಅನಿಸುವುದು, ಹೆಸರೇ ನಮ್ಮ ನೆನಪನ್ನು ಹೊಳೆಯ ಆಚೆ ದಂಡೆಯಲ್ಲಿ ಕಟ್ಟಿಹಾಕಿದೆ. ತಾಳಿಕೋಟೆ ಅಂದ ಕೂಡಲೇ ನಕ್ಷೆಯಲ್ಲಿ ಬೊಟ್ಟು ಅಲ್ಲಿಗೆ ಹೋಗುತ್ತದೆ. ಹೊಳೆ ನಡುವೆ ಇದೆ ಅನ್ನುವುದೇ ಕಾಣುವುದಿಲ್ಲ.

ಇನ್ನು ಇತಿಹಾಸದಲ್ಲಿ ಇದರ ಜಾಗ. ವಿಜಯನಗರ ಅಂದೇ ಮುಗಿಯಿತು ಅನ್ನುವುದು ತಪ್ಪು. ತಿರುಮಲ, ಹೆಸರಿಗೆ ಅರಸನಾಗಿದ್ದ ಸದಾಶಿವರಾಯನನ್ನೂ ಖಜಾನೆಯನ್ನೂ ಕಟ್ಟಿಕೊಂಡು ಪೆನುಕೊಂಡಕ್ಕೆ ಹೋದ. ಆಮೇಲೆ ಚಂದ್ರಗಿರಿ, ವೆಲ್ಲೂರು. ಹೆಸರಿಗಾದರೂ ಇನ್ನೂ 80 ವರ್ಷ ರಾಜ್ಯ ನಡೆಯಿತು. ಆದರೆ ಹಂಪಿ ಹೋಯಿತು. ತಿಂಗಳುಗಟ್ಟಲೆ ಲೂಟಿ ನಡೆದ ಆ ಊರು ಮತ್ತೆ ಏಳಲಿಲ್ಲ. ರಾಜಧಾನಿ ದೂರ ಹೋದ ಮೇಲೆ ಕೆಳದಿ, ಮೈಸೂರಿನಂಥ ಮನೆತನಗಳು ತಮ್ಮ ಕಾಲ ಮೇಲೆ ನಿಂತವು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದದ್ದು ಈ ಎಳೆಯದೇ.

ಇನ್ನೊಂದು. ಇದನ್ನು ಬರೀ ಎರಡು ಧರ್ಮದ ಜಗಳ ಅಂತ ಓದಬೇಡಿ. ಕೆಲವೇ ವರ್ಷ ಹಿಂದೆ ಇದೇ ಅಲಿ ಆದಿಲ್ ಶಾಹ ರಾಮರಾಯನ ನೆರವು ಪಡೆದು ಅಹ್ಮದ್‌ನಗರದ ಮೇಲೆ ಹೋಗಿದ್ದ. ಆಮೇಲೆ ಹುಸೇನ್ ನಿಜಾಮ್ ಶಾಹನ ಮಗಳು ಚಾಂದ್ ಬೀಬಿ ಅವನ ಮಡದಿಯಾದಳು, ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಬಂತು. ಆ ನಂಟಸ್ತಿಕೆಯಿಂದಲೇ ದಂಡುಗಳು ಒಂದಾದವು. ಒಬ್ಬರನ್ನೊಬ್ಬರು ನಂಬದ ನಾಲ್ಕು ಜನ ಮೂರು ದಿನ ಒಂದೇ ಗುಟ್ಟು ಕಾಪಾಡಿಕೊಂಡು ಒಟ್ಟಿಗೆ ನಡೆದರು. ರಾಮರಾಯ ಜೀವನವಿಡೀ ಇವರನ್ನು ಒಡೆದು ಆಳಿದವನು. ಅವರು ಹೀಗೆ ಒಟ್ಟಿಗೆ ನಡೆದಾರು ಅಂತ ಅವನು ಎಣಿಸಿರಲಿಲ್ಲ ಅಂತ ಕಾಣುತ್ತದೆ.

ಬೆಂಗಳೂರು ಓದುಗ

ಮೇಷ್ಟ್ರೇ, ನನ್ನ ಮಾತು ಸ್ವಲ್ಪ ಬದಲಿಸುತ್ತೇನೆ. ಸೋಲಿಗೆ ಹೊಳೆಯೇ ಕಾರಣ ಅಂತ ಈಗಲೂ ಅನ್ನಲಾರೆ. ಆದರೆ ಪಾಠದಲ್ಲಿ ದ್ರೋಹಕ್ಕೆ ಒಂದು ಪುಟ ಇದ್ದರೆ, ಈ ಹೊಳೆಗೆ ಕೊನೇಪಕ್ಷ ಅರ್ಧ ಪುಟ ಇರಬೇಕು.

ಮಾಜಿ ಸೈನಿಕರ ಪ್ರಶ್ನೆ ಹಾಗೇ ಉಳಿಯಿತಲ್ಲ. ಅದೇ ಜಾಗಕ್ಕೆ ವಾಪಸು ಯಾಕೆ?

ಕೃಷ್ಣಾದಂಡೆ

ಎರಡು ದಿನ ಉತ್ತರ ಕೊಡಲಾಗಲಿಲ್ಲ, ಕ್ಷಮಿಸಿ. ಊರಿಗೆ ಹೋಗಿದ್ದೆ. ಈ ಪ್ರಶ್ನೆಯನ್ನು ದೊಡ್ಡಪ್ಪನಿಗೇ ಕೇಳಿದೆ. ಅವರಿಗೆ ಈಗ 84. ನಾರಾಯಣಪುರ ಡ್ಯಾಮ್ ಮುಗಿದದ್ದು 1982ರಲ್ಲಿ. ಅದಕ್ಕೂ ಮುಂಚೆ ಹೊಳೆ ಹೇಗಿತ್ತು ಅಂತ ಕಣ್ಣಾರೆ ಕಂಡವರು. ಈಗ ಅಲ್ಲೆಲ್ಲ ಹಿನ್ನೀರು. ಕೂಡಲಸಂಗಮದ ಐಕ್ಯಮಂಟಪದ ಸುತ್ತ ಗೋಡೆ ಕಟ್ಟಿ ನೀರು ತಡೆದದ್ದು ನೋಡಿರುತ್ತೀರಲ್ಲ, ಅದೇ ನೀರು.

ನಾನು ಕೇಳಿದೆ, ಬೇಸಿಗೆ ಹತ್ತಿರ ಬಂದಾಗ ಹೊಳೆಯನ್ನು ಎಲ್ಲಿ ಬೇಕಾದರೂ ದಾಟಬಹುದಿತ್ತಾ ಅಂತ. ಅವರು ತಲೆ ಅಲ್ಲಾಡಿಸಿದರು. “ಮಂದಿ ಹಾಯೂ ಜಾಗಾ ಬ್ಯಾರೆ, ಗಾಡಿ ಹಾಯೂ ಜಾಗಾ ಬ್ಯಾರೆ” ಅಂದರು.

ಮನುಷ್ಯ ಮೊಣಕಾಲು ನೀರಿನಲ್ಲಿ ಉಸುಕು ತುಳಿದು ಹೋಗುತ್ತಾನೆ. ದನ ಈಜುತ್ತದೆ. ಕಾಳಿನ ಚೀಲ ಹರಿಗೋಲಿನಲ್ಲಿ ಹೋಗುತ್ತದೆ. ಆದರೆ ಹೇರು ತುಂಬಿದ ಗಾಡಿ ಉಸುಕಿಗೆ ಇಳಿದರೆ ಗಾಲಿ ಅಚ್ಚಿನ ತನಕ ಕುಸಿಯುತ್ತದೆ. ಆರು ಎತ್ತು ಕಟ್ಟಿದರೂ ಬರುವುದಿಲ್ಲ. ಗಾಡಿಗೆ ಅಡಿಯಲ್ಲಿ ಕಲ್ಲುಹಾಸು ಬೇಕು. ಎರಡೂ ದಂಡೆಯಲ್ಲಿ ಇಳಿಜಾರು ಬೇಕು, ಕಡಿದಾದ ದಡ ಇರಬಾರದು. ನಮ್ಮೂರ ಸುತ್ತ ಮಂದಿ ಹಾಯುವ ಜಾಗ ಐದಾರು ಇದ್ದವಂತೆ. ಗಾಡಿ ಹಾಯುವ ಜಾಗ ಒಂದೇ. ಸಂತೆಗೆ ಹೋಗುವ ಗಾಡಿಗಳೆಲ್ಲ ಅಲ್ಲಿಗೇ ಬಂದು, ಒಂದರ ಹಿಂದೆ ಒಂದು ಸರದಿ ನಿಲ್ಲುತ್ತಿದ್ದವು. ಹಿಂದಿನ ರಾತ್ರಿಯೇ ಬಂದು ದಂಡೆಯಲ್ಲಿ ಮಲಗುತ್ತಿದ್ದರು.

ಬೇಹಿನವರು ಹುಡುಕಿದ್ದು ಅಂಥ ಜಾಗ. ಕುದುರೆ ಎಲ್ಲಾದರೂ ಇಳಿಯುತ್ತಿತ್ತು. ರೂಮಿ ಖಾನನ ತೋಪಿನ ಗಾಡಿ ಇಳಿಯುತ್ತಿರಲಿಲ್ಲ.

ನಾನು ಹೊರಡುವಾಗ ದೊಡ್ಡಪ್ಪ ಮನೆ ಹಿಂದಿನ ಏರಿ ತನಕ ಬಂದು, ನೀರಿನ ಕಡೆ ಕೈ ತೋರಿಸಿದರು. ಅಲ್ಲಿ, ಆ ಜಾಲಿ ಗಿಡದ ನೇರಕ್ಕೆ, ಕೆಳಗೆ ಕಲ್ಲುಹಾಸು ಇನ್ನೂ ಇದೆ, ಗಾಲಿ ಸವೆದ ಗೆರೆ ಕೂಡ ಇದೆ ಅಂದರು. ನೀರು ಪೂರ್ತಿ ಇಳಿದ ವರ್ಷ ಫೋಟೋ ತೆಗೆದು ಇಲ್ಲಿ ಹಾಕುತ್ತೇನೆ.